ನಾಲ್ಕು ಹನಿ ನೀರು ಮತ್ತು ಮೊರ್ತಾರಾ ಮನೆಯ ಹುಡುಗ

1858ರ ಜೂನ್ 23. ಇಟಲಿಯ ಬೊಲೋನ್ಯ ನಗರ. ಮಕ್ಕಳು ಮಲಗುವ ಹೊತ್ತಿಗೆ ಮೊರ್ತಾರಾ ಅನ್ನುವ ಯಹೂದಿ ಕುಟುಂಬದ ಮನೆ ಬಾಗಿಲನ್ನು ಯಾರೋ ತಟ್ಟಿದರು. ತೆಗೆದು ನೋಡಿದರೆ ಪೊಲೀಸರು. ಅವರ ಮುಖ್ಯಸ್ಥ ಲೂಚಿದಿ ಒಳಗೆ ಬಂದ. ಮನೆಯಲ್ಲಿರುವ ಮಕ್ಕಳ ಹೆಸರನ್ನು ಒಂದೊಂದಾಗಿ ಕೇಳಿದ. ಮನೆಯ ಯಜಮಾನ ಮೊಮೊಲೊ ಮೊರ್ತಾರಾ ಅವರಿಗೂ ಹೆಂಡತಿ ಮರಿಯಾನ್ನಾಗೂ ಏನೂ ಅರ್ಥ ಆಗಲಿಲ್ಲ. ಕೊನೆಗೆ ಅವನು ವಿಷಯ ಹೇಳಿದ. ನಿಮ್ಮ ಮಗ ಎಡ್ಗಾರ್ಡೊಗೆ ದೀಕ್ಷಾಸ್ನಾನ ಆಗಿದೆ, ಅವನು ಈಗ ಕ್ರೈಸ್ತ, ಅವನನ್ನು ಕರೆದುಕೊಂಡು ಹೋಗಲು ನನಗೆ ಆದೇಶ ಇದೆ.

ಹುಡುಗನಿಗೆ ಆಗ ಆರು ವರ್ಷ. ಏಳು ತುಂಬಲು ಇನ್ನೆರಡು ತಿಂಗಳಿತ್ತು.

ಪೋಪರು ಯಹೂದಿಗಳನ್ನು ಹೇಗೆ ನಡೆಸಿಕೊಂಡರು ಅನ್ನುವುದನ್ನು ಓದಲು ಹೊರಟವರಿಗೆ ಸಾವಿರಾರು ಪುಟ ಸಿಗುತ್ತದೆ. ಒಬ್ಬ ಪೋಪ್ ರಕ್ಷಣೆ ಕೊಟ್ಟ, ಇನ್ನೊಬ್ಬ ಯಹೂದಿಗಳನ್ನು ಕೂಡಿಹಾಕುವ ಗೋಡೆಯ ಕೇರಿ, ಅಂದರೆ ಗೆಟ್ಟೊ, ಕಟ್ಟಿಸಿದ, ಮತ್ತೊಬ್ಬ ಅದರ ಬಾಗಿಲು ಒಡೆಸಿದ. ಒಳ್ಳೆಯ ಪೋಪ್, ಕೆಟ್ಟ ಪೋಪ್ ಅಂತ ಪಟ್ಟಿ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದರಿಂದ ಏನೂ ತಿಳಿಯುವುದೂ ಇಲ್ಲ. ನನಗೆ ಈ ಇತಿಹಾಸ ಅರ್ಥವಾಗಿದ್ದು ಮೊರ್ತಾರಾ ಪ್ರಕರಣ ಓದಿದ ಮೇಲೆ. ಯಾಕೆಂದರೆ ಇಲ್ಲಿ ಆ ರಾಜ್ಯದ ಕಾನೂನನ್ನು ಯಾರೂ ಮುರಿಯಲಿಲ್ಲ. ಹುಡುಗನನ್ನು ಕರೆದೊಯ್ದವರು ಕಾನೂನನ್ನು ಅಕ್ಷರ ಬಿಡದೆ ಪಾಲಿಸಿದರು. ನನ್ನನ್ನು ಕಾಡುವುದು ಅದೇ.

ಮೊದಲು ಜಾಗ ತಿಳಿಯಬೇಕು. ಆಗ ಇಟಲಿ ಅನ್ನುವ ದೇಶ ಇನ್ನೂ ಒಂದಾಗಿರಲಿಲ್ಲ. ಮಧ್ಯ ಇಟಲಿಯ ಬಹುಭಾಗ ಪೋಪರ ರಾಜ್ಯ. ಅಲ್ಲಿ ಪೋಪ್ ಬರೀ ಧರ್ಮಗುರು ಅಲ್ಲ, ರಾಜ ಕೂಡ. ತೆರಿಗೆ ಅವರದ್ದು, ಪೊಲೀಸು ಅವರದ್ದು, ಜೈಲು ಅವರದ್ದು. ಬೊಲೋನ್ಯ ಆ ರಾಜ್ಯದ ಎರಡನೇ ದೊಡ್ಡ ನಗರ. 1593ರಲ್ಲಿ ಪೋಪ್ ಎಂಟನೇ ಕ್ಲೆಮೆಂಟ್ ಅಲ್ಲಿಂದ ಯಹೂದಿಗಳನ್ನು ಓಡಿಸಿದ್ದರು. ಇನ್ನೂರು ವರ್ಷ ಆದ ಮೇಲೆ ನೆಪೋಲಿಯನ್ ಕಾಲದಲ್ಲಿ ಕೆಲವರು ಮತ್ತೆ ಬಂದು ನೆಲೆಸಿದರು. 1858ರಲ್ಲಿ ಊರಲ್ಲಿ ಇದ್ದವರು ಸುಮಾರು ಇನ್ನೂರು ಜನ ಅಷ್ಟೆ. ಗೆಟ್ಟೊ ಇರಲಿಲ್ಲ. ಹಾಗೇ ತಮ್ಮದು ಅಂತ ಒಬ್ಬ ರಬ್ಬಿಯೂ, ಅಂದರೆ ಯಹೂದಿ ಧರ್ಮಗುರುವೂ, ಇರಲಿಲ್ಲ. ಆದಷ್ಟು ಕಣ್ಣಿಗೆ ಬೀಳದ ಹಾಗೆ ವ್ಯಾಪಾರ ಮಾಡಿಕೊಂಡು ಬದುಕುತ್ತಿದ್ದರು. ಮೊಮೊಲೊ ಕೂಡ ವ್ಯಾಪಾರಿ, 1850ರಲ್ಲಿ ಹೆಂಡತಿ ಮಕ್ಕಳ ಜೊತೆ ಅಲ್ಲಿಗೆ ಬಂದವರು.

ಅವರ ಮನೆಯಲ್ಲಿ ಅನ್ನಾ ಮೊರಿಸಿ ಅನ್ನುವ ಹುಡುಗಿ ಕೆಲಸಕ್ಕಿದ್ದಳು. ಕ್ಯಾಥೊಲಿಕ್. ಹತ್ತಿರದ ಊರಿನವಳು, ಓದು ಬರಹ ಬಾರದವಳು. ಕ್ರೈಸ್ತರು ಯಹೂದಿಗಳ ಮನೆಯಲ್ಲಿ ಕೆಲಸ ಮಾಡಬಾರದು ಅಂತ ಚರ್ಚಿನ ಹಳೆಯ ನಿಯಮವೇ ಇತ್ತು. ಆದರೆ ಬೊಲೋನ್ಯದಲ್ಲಿ ಅದನ್ನು ಯಾರೂ ಪಾಲಿಸುತ್ತಿರಲಿಲ್ಲ. ಸಬ್ಬತ್ ಅನ್ನುವ ವಾರದ ವಿಶ್ರಾಂತಿಯ ದಿನ ಯಹೂದಿಗಳು ಒಲೆ ಹಚ್ಚುವಂತಿಲ್ಲ, ದೀಪ ಹಚ್ಚುವಂತಿಲ್ಲ. ಹಾಗಾಗಿ ಬೇರೆ ಧರ್ಮದ ಕೆಲಸದವಳು ಬೇಕೇ ಬೇಕು. ಬಡ ಮನೆಯ ಹುಡುಗಿಯರಿಗೂ ಸಂಬಳ ಬೇಕು. ಸರ್ಕಾರ ಕಣ್ಣು ಮುಚ್ಚಿಕೊಂಡಿತ್ತು.

ಅನ್ನಾ ಆಮೇಲೆ ಹೇಳಿದ ಕಥೆ ಹೀಗೆ. ಎಡ್ಗಾರ್ಡೊ ಕೂಸಾಗಿದ್ದಾಗ ಜೋರು ಜ್ವರ ಬಂತು. ಅಪ್ಪ ಅಮ್ಮ ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದರು. ಮಗು ಸತ್ತೇ ಹೋಗುತ್ತದೆ ಅಂತ ಅನ್ನಾಗೆ ಭಯ. ದೀಕ್ಷಾಸ್ನಾನ ಇಲ್ಲದೆ ಸತ್ತ ಮಗುವಿಗೆ ಸ್ವರ್ಗ ಇಲ್ಲ ಅಂತ ಅವಳಿಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ಪಕ್ಕದ ದಿನಸಿ ಅಂಗಡಿಯ ಲೆಪೋರಿ ಅನ್ನುವವನ ಹತ್ತಿರ ಹೇಳಿಕೊಂಡಳಂತೆ. ಅವನು ನೀನೇ ದೀಕ್ಷಾಸ್ನಾನ ಮಾಡಿಬಿಡು ಅಂದು ಹೇಗೆ ಅಂತ ಹೇಳಿಕೊಟ್ಟನಂತೆ. ಯಾರೂ ಇಲ್ಲದ ಹೊತ್ತು ನೋಡಿ ಅವಳು ಸ್ವಲ್ಪ ನೀರು ತಂದು, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಅಂತ ಹೇಳಿ ಮಗುವಿನ ತಲೆಗೆ ಚಿಮುಕಿಸಿದಳು. ಮಗು ಹುಷಾರಾಯಿತು. ಕೆಲಸ ಹೋದೀತು ಅಂತ ಹೆದರಿ ಅನ್ನಾ ಬಾಯಿ ಬಿಡಲಿಲ್ಲ.

ನಮ್ಮ ಮಂಗಳೂರು ಕಡೆಯ ಕ್ಯಾಥೊಲಿಕರಿಗೆ ಈ ನಿಯಮ ಹೊಸದಲ್ಲ. ಜೀವ ಹೋಗುವ ಪರಿಸ್ಥಿತಿ ಬಂದರೆ ಪಾದ್ರಿಯೇ ಬೇಕಂತಿಲ್ಲ, ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ನೀರು, ಆ ಮಾತು, ಚರ್ಚು ಮಾಡುವುದನ್ನೇ ನಾನೂ ಮಾಡುತ್ತಿದ್ದೇನೆ ಅನ್ನುವ ಮನಸ್ಸು, ಈ ಮೂರು ಇದ್ದರೆ ಸಾಕು. ಹುಟ್ಟಿದ ಕೂಡಲೇ ಮಕ್ಕಳು ಸಾಯುತ್ತಿದ್ದ ಕಾಲದಲ್ಲಿ ತಾಯಂದಿರಿಗೆ ಸಮಾಧಾನ ಕೊಟ್ಟ ನಿಯಮ ಇದು. ಅದೇ ನಿಯಮ ಇನ್ನೊಬ್ಬ ತಾಯಿಯ ಮಡಿಲು ಖಾಲಿ ಮಾಡಿತು.

ಕೆಲವು ವರ್ಷ ಆದ ಮೇಲೆ ಮೊರ್ತಾರಾ ಮನೆಯ ಇನ್ನೊಂದು ಕೂಸಿಗೆ ಕಾಯಿಲೆ ಆಯಿತು. ಇದಕ್ಕೂ ದೀಕ್ಷಾಸ್ನಾನ ಕೊಡಬಾರದಾ ಅಂತ ಅಕ್ಕಪಕ್ಕದ ಮನೆಯ ಕೆಲಸದವಳೊಬ್ಬಳು ಕೇಳಿದಳಂತೆ. ಬೇಡಮ್ಮಾ, ಹಿಂದೆ ಒಂದು ಸಲ ಮಾಡಿದ್ದೆ, ಮಗು ಬದುಕಿಬಿಟ್ಟಿತು ಅಂತ ಅನ್ನಾ ಹೇಳಿಬಿಟ್ಟಳು. ಆ ಕೂಸು ತೀರಿಕೊಂಡಿತು. ಮಾತು ಮಾತ್ರ ಬಾಯಿಂದ ಬಾಯಿಗೆ ಹರಿದು ಬೊಲೋನ್ಯದ ಇನ್ಕ್ವಿಸಿಟರ್, ಅಂದರೆ ಧರ್ಮವಿಚಾರಣೆಯ ಅಧಿಕಾರಿ, ಪಿಯೆರ್ ಗಯೆತಾನೊ ಫೆಲೆತ್ತಿ ಅವರ ಕಿವಿಗೆ ಬಿತ್ತು. ಅವರು ಡೊಮಿನಿಕನ್ ಸಂನ್ಯಾಸಿ. ಅನ್ನಾಳನ್ನು ಕರೆಸಿ, ಪ್ರಮಾಣ ಮಾಡಿಸಿ ವಿಚಾರಿಸಿದರು. ರೋಮ್‌ಗೆ ಬರೆದರು. ರೋಮ್‌ನಿಂದ ಆದೇಶ ಬಂತು.

ಈ ಆದೇಶ ಎಲ್ಲಿಂದ ಹುಟ್ಟಿತು ಅಂತ ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪೋಪರ ನೀತಿಯಲ್ಲಿ ಶುರುವಿನಿಂದಲೂ ಎರಡು ಎಳೆ ಇತ್ತು. ಆರನೇ ಶತಮಾನದ ಕೊನೆಯಲ್ಲಿ ಮೊದಲನೇ ಗ್ರೆಗರಿ ಬರೆದ ಪತ್ರಗಳಲ್ಲೇ ಅದು ಕಾಣುತ್ತದೆ. ಯಹೂದಿಗಳಿಗೆ ಕಾನೂನು ಕೊಟ್ಟಷ್ಟಕ್ಕಿಂತ ಜಾಸ್ತಿ ಸಿಗಬಾರದು, ಆದರೆ ಕೊಟ್ಟದ್ದನ್ನು ಕಿತ್ತುಕೊಳ್ಳಲೂ ಬಾರದು. ಸುಮಾರು 1120ರಲ್ಲಿ ಎರಡನೇ ಕ್ಯಾಲಿಕ್ಸ್ಟಸ್ ಇದನ್ನೇ ರಕ್ಷಣಾ ಶಾಸನವಾಗಿ ಹೊರಡಿಸಿದರು. ಯಹೂದಿಗಳನ್ನು ಕೊಲ್ಲಬಾರದು, ಬಲವಂತವಾಗಿ ದೀಕ್ಷಾಸ್ನಾನ ಮಾಡಬಾರದು, ಅವರ ಹಬ್ಬ ಕೆಡಿಸಬಾರದು, ಸ್ಮಶಾನ ಅಗೆಯಬಾರದು. ಮುಂದೆ ಪೋಪ್ ಆದವರಲ್ಲಿ ಎಷ್ಟೋ ಜನ ಇದನ್ನು ಮತ್ತೆ ಮತ್ತೆ ಹೊರಡಿಸಿದರು. ಇದು ಬರೀ ಕಾಗದದ ಮಾತು ಅಂತ ತಳ್ಳಿಹಾಕಬೇಡಿ. ಯುರೋಪಿನ ರಾಜರು ಒಬ್ಬರಾದ ಮೇಲೊಬ್ಬರು ಯಹೂದಿಗಳನ್ನು ದೇಶದಿಂದಲೇ ಓಡಿಸಿದಾಗಲೂ ರೋಮ್ ನಗರದಲ್ಲಿ ಅವರು ಉಳಿದರು. ಎರಡು ಸಾವಿರ ವರ್ಷದಿಂದ ಅಲ್ಲಿ ಯಹೂದಿಗಳು ಇದ್ದೇ ಇದ್ದಾರೆ.

ಇನ್ನೊಂದು ಎಳೆ ದೀಕ್ಷಾಸ್ನಾನದ್ದು. ಅದು ಆತ್ಮದ ಮೇಲೆ ಬೀಳುವ ಮುದ್ರೆ, ಒಂದು ಸಲ ಬಿದ್ದರೆ ಅಳಿಸಲು ಆಗುವುದಿಲ್ಲ ಅಂತ ಚರ್ಚಿನ ನಂಬಿಕೆ. ಹಾಗಾದರೆ ಬಲವಂತದಿಂದ ಮಾಡಿಸಿಕೊಂಡವನ ಗತಿ ಏನು? 1201ರಲ್ಲಿ ಮೂರನೇ ಇನ್ನೋಸೆಂಟ್ ಒಂದು ಪತ್ರದಲ್ಲಿ ಉತ್ತರ ಕೊಟ್ಟರು. ಕೊನೆಯವರೆಗೂ ಒಲ್ಲೆ ಒಲ್ಲೆ ಅಂತ ವಿರೋಧಿಸಿದವನಿಗೆ ಮುದ್ರೆ ಬೀಳುವುದಿಲ್ಲ. ಆದರೆ ಬೆದರಿಕೆಗೆ ಹೆದರಿಯಾದರೂ ಒಪ್ಪಿಕೊಂಡವನಿಗೆ ಬೀಳುತ್ತದೆ, ಅವನು ಕ್ರೈಸ್ತನಾಗಿಯೇ ಇರಬೇಕು. ಕತ್ತಿ ಕುತ್ತಿಗೆಗೆ ಬಂದಾಗ ಹೂಂ ಅಂದರೂ ಅದು ಹೂಂ ಅಂತಲೇ ಲೆಕ್ಕ.

ಎರಡೂ ಎಳೆ ಸೇರಿಸಿ ನೋಡಿ. ಮಾಡಬಾರದು, ಆದರೆ ಮಾಡಿದ್ದು ಹೋಗುವುದಿಲ್ಲ. ಪೋಪರ ಯಹೂದಿ ನೀತಿಯ ತಿರುಳು ನನ್ನ ಪ್ರಕಾರ ಇಷ್ಟೇ. ಯಹೂದಿಯಾಗಿ ಹುಟ್ಟಿದವನು ಯಹೂದಿಯಾಗಿ ಉಳಿಯಬಹುದು, ಚರ್ಚಿನ ಒಳಗೆ ಬಂದವನು ಮಾತ್ರ ಹೊರಗೆ ಹೋಗುವಂತಿಲ್ಲ. ಬಾಗಿಲು ಒಳಮುಖವಾಗಿ ಮಾತ್ರ ತೆರೆಯುತ್ತದೆ. ಹೀಗಾಗಿ ಮತಾಂತರ ಆದವರ ಪಾಡು ಎಷ್ಟೋ ಸಲ ಯಹೂದಿಗಳ ಪಾಡಿಗಿಂತ ಕೆಟ್ಟದಾಯಿತು. ಯಹೂದಿಗಳು ಇನ್ಕ್ವಿಸಿಷನ್‌ನ ಕೈಗೆ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ, ಮತಾಂತರ ಆದವರು ಸಿಗುತ್ತಿದ್ದರು.

ಇದಕ್ಕೆ ಅಂಕೋನಾಕ್ಕಿಂತ ಘೋರ ಉದಾಹರಣೆ ಇಲ್ಲ. ಪೋರ್ಚುಗಲ್‌ನಲ್ಲಿ 1497ರಲ್ಲಿ ಯಹೂದಿಗಳನ್ನು ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿದರು. ಅವರ ಮಕ್ಕಳು ಮೊಮ್ಮಕ್ಕಳು ತಪ್ಪಿಸಿಕೊಂಡು ಪೋಪರ ರಾಜ್ಯದ ಬಂದರು ಅಂಕೋನಾಕ್ಕೆ ಬಂದರು. ವ್ಯಾಪಾರ ಬೆಳೆಯಲಿ ಅಂತ ಆಗಿನ ಪೋಪರು ನಿಮ್ಮ ಹಳೆಯದನ್ನು ಕೆದಕುವುದಿಲ್ಲ ಅಂತ ಅಭಯ ಕೊಟ್ಟರು. ಅವರು ಮತ್ತೆ ಯಹೂದಿಗಳಾಗಿ ಬದುಕತೊಡಗಿದರು. 1555ರಲ್ಲಿ ನಾಲ್ಕನೇ ಪೌಲ್ ಪೋಪ್ ಆದರು, ಆ ಅಭಯವನ್ನು ರದ್ದು ಮಾಡಿದರು. ಮುಂದಿನ ವರ್ಷ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಅಂಕೋನಾದಲ್ಲಿ ಸುಟ್ಟರು. ಅವರ ಅಪರಾಧ ಧರ್ಮಭ್ರಷ್ಟತೆ. ಅಜ್ಜನ ತಲೆಗೆ ಬಲವಂತವಾಗಿ ಸುರಿದ ನೀರು ಮೊಮ್ಮಗನನ್ನು ಸುಡುವ ಬೆಂಕಿಗೆ ಕಾರಣವಾಯಿತು. ಇಸ್ತಾಂಬುಲ್‌ನಲ್ಲಿದ್ದ ದೋನ್ಯಾ ಗ್ರಾಸಿಯಾ ನಾಸಿ ಅನ್ನುವ ಶ್ರೀಮಂತ ಮಹಿಳೆ, ತಾನೂ ಅಂಥದ್ದೇ ಮನೆತನದಿಂದ ಬಂದವರು, ಅಂಕೋನಾ ಬಂದರಿಗೆ ಯಾರೂ ಹಡಗು ಕಳಿಸಬೇಡಿ ಅಂತ ಬಹಿಷ್ಕಾರ ಹೂಡಿದರು. ಅದು ಹೆಚ್ಚು ದಿನ ನಿಲ್ಲಲಿಲ್ಲ. ಆದರೂ ಆ ಹೆಂಗಸಿನ ಧೈರ್ಯ ನೆನೆಸಿಕೊಂಡರೆ ಈಗಲೂ ಮನಸ್ಸು ತುಂಬುತ್ತದೆ.

ಅದೇ ಪೌಲ್ 1555ರ ಜುಲೈ 14ರಂದು ರೋಮ್‌ನ ಯಹೂದಿಗಳನ್ನು ಗೋಡೆಯೊಳಗೆ ಹಾಕುವ ಆಜ್ಞೆ ಹೊರಡಿಸಿದರು. ಹಳದಿ ಟೋಪಿ, ಊರಿಗೊಂದೇ ಸಿನಗಾಗ್ ಅಂದರೆ ಪ್ರಾರ್ಥನಾ ಮಂದಿರ, ಸ್ವಂತ ಮನೆ ಜಮೀನು ಇಲ್ಲ, ವ್ಯಾಪಾರ ಅಂದರೆ ಹಳೆ ಬಟ್ಟೆ ಅಷ್ಟೆ. ಅದಕ್ಕೂ ಮೊದಲೇ, 1543ರಲ್ಲಿ, ಮತಾಂತರಕ್ಕೆ ಬರುವವರಿಗಾಗಿ ರೋಮ್‌ನಲ್ಲಿ ಒಂದು ಮನೆ ಶುರುವಾಗಿತ್ತು. ದೀಕ್ಷಾರ್ಥಿಗಳ ಮನೆ ಅನ್ನೋಣ. ಜೆಸ್ವಿಟ್ ಸಂಘ ಕಟ್ಟಿದ ಲೊಯೋಲಾದ ಇಗ್ನೇಷಿಯಸ್ ಇದರ ಹಿಂದೆ ಓಡಾಡಿದವರು. ಈ ಮನೆಯ ಖರ್ಚಿಗೆ 1554ರಿಂದ ಸಿನಗಾಗ್‌ಗಳ ಮೇಲೇ ತೆರಿಗೆ ಹಾಕಿದರು. ತಮ್ಮ ಮಕ್ಕಳನ್ನು ತಮ್ಮಿಂದ ದೂರ ಮಾಡುವ ಮನೆಗೆ ಯಹೂದಿಗಳೇ ದುಡ್ಡು ಕೊಡಬೇಕು. ಒಳಗೆ ಹೋಗಿ ಕ್ರೈಸ್ತನಾದವನು ಮತ್ತೆ ಗೆಟ್ಟೊಗೆ ಹೋಗಿ ಅಪ್ಪ ಅಮ್ಮನ ಜೊತೆ ಬೆರೆಯುವಂತಿಲ್ಲ.

ಎಲ್ಲರೂ ಇಷ್ಟಪಟ್ಟು ಹೋದವರಲ್ಲ. ಮತಾಂತರ ಆದವನೊಬ್ಬ ತನ್ನ ಸಂಬಂಧಿಕರನ್ನು ಚರ್ಚಿಗೆ ಅರ್ಪಿಸುತ್ತೇನೆ ಅಂತ ಹೇಳಬಹುದಿತ್ತು. ಹಾಗೆ ಹೇಳಿದರೆ ಆ ವ್ಯಕ್ತಿಯನ್ನು ಹಿಡಿದು ತಂದು ಈ ಮನೆಯಲ್ಲಿ ಇಡುತ್ತಿದ್ದರು. 1749ರಲ್ಲಿ ಅನ್ನಾ ದೆಲ್ ಮೊಂತೆ ಅನ್ನುವ ಹದಿಹರೆಯದ ಹುಡುಗಿಯನ್ನು ಹೀಗೇ ತಂದರು. ಪಾದ್ರಿಗಳು ಒಬ್ಬರಾದ ಮೇಲೊಬ್ಬರು ಬಂದು ಉಪದೇಶ ಮಾಡಿದರು. ಎರಡು ವಾರದ ಹತ್ತಿರ ಅವಳು ಒಂದೇ ಮಾತಿಗೆ ಅಂಟಿಕೊಂಡಳು: ನಾನು ಯಹೂದಿಯಾಗಿ ಹುಟ್ಟಿದೆ, ಯಹೂದಿಯಾಗಿಯೇ ಸಾಯುತ್ತೇನೆ. ಕೊನೆಗೆ ಅವಳನ್ನು ಮನೆಗೆ ಕಳಿಸಿದರು. ಅವಳ ಅನುಭವದ ಬರಹ ಈಗಲೂ ಉಳಿದಿದೆ. ಬಾಯಿ ಬಿಟ್ಟು ಒಲ್ಲೆ ಅನ್ನಲು ಬಂದದ್ದಕ್ಕೆ ಅವಳು ಉಳಿದಳು. ಒಂದು ವರ್ಷದ ಕೂಸಿಗೆ ಆ ಬಾಯಿ ಎಲ್ಲಿ?

ಕೂಸುಗಳ ವಿಷಯದಲ್ಲಿ ಚರ್ಚಿನ ದೊಡ್ಡ ಪಂಡಿತರಲ್ಲೇ ಜಗಳ ಇತ್ತು. ಯಹೂದಿ ಮಕ್ಕಳಿಗೆ ತಂದೆತಾಯಿಯ ಒಪ್ಪಿಗೆ ಇಲ್ಲದೆ ದೀಕ್ಷಾಸ್ನಾನ ಕೊಡುವುದು ಸಹಜ ನ್ಯಾಯಕ್ಕೆ ವಿರುದ್ಧ ಅಂತ ಹದಿಮೂರನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ವಾದಿಸಿದರು. ಬುದ್ಧಿ ಬಲಿಯುವವರೆಗೆ ಮಗು ತಂದೆತಾಯಿಯ ಆರೈಕೆಯೊಳಗೇ ಇರುತ್ತದೆ, ಅದು ಹೊಟ್ಟೆಯೊಳಗೆ ಇದ್ದ ಹಾಗೆ ಅಂದರು. ಎಂಥ ಮಾತು ನೋಡಿ. ಅವರ ನಂತರ ಬಂದ ಡನ್ಸ್ ಸ್ಕೋಟಸ್ ಇದನ್ನು ಒಪ್ಪಲಿಲ್ಲ. ತಂದೆತಾಯಿಗಿಂತ ದೇವರ ಹಕ್ಕು ದೊಡ್ಡದು, ರಾಜನಾದವನು ಮಕ್ಕಳನ್ನು ತೆಗೆದುಕೊಳ್ಳಬಹುದು ಅಂದರು. 1747ರಲ್ಲಿ ರೋಮ್‌ನ ಗೆಟ್ಟೊದಲ್ಲಿ ಅಂಥದ್ದೇ ಒಂದು ಪ್ರಕರಣ ನಡೆದು ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಉದ್ದನೆಯ ತೀರ್ಪಿನಂಥ ಪತ್ರ ಬರೆದರು. ಬೆನೆಡಿಕ್ಟ್ ಒರಟರಲ್ಲ, ಬೊಲೋನ್ಯದವರೇ, ಕಾನೂನು ಚೆನ್ನಾಗಿ ಓದಿಕೊಂಡವರು. ಒಪ್ಪಿಗೆ ಇಲ್ಲದೆ ಮಾಡುವುದು ತಪ್ಪು, ಮಾಡಿದವರಿಗೆ ಶಿಕ್ಷೆ ಆಗಬೇಕು, ಮಗು ಸಾಯುವ ಸ್ಥಿತಿಯಲ್ಲಿದ್ದರೆ ಮಾತ್ರ ಅದು ತಪ್ಪಲ್ಲ ಅಂದರು. ಆದರೆ ತಪ್ಪೋ ಸರಿಯೋ, ಆದ ದೀಕ್ಷಾಸ್ನಾನ ಆಯಿತು. ಮಗು ಈಗ ಕ್ರೈಸ್ತ. ಕ್ರೈಸ್ತ ಮಗುವನ್ನು ಯಹೂದಿಗಳ ಕೈಯಲ್ಲಿ ಬೆಳೆಯಲು ಬಿಡುವಂತಿಲ್ಲ.

ಫೆಲೆತ್ತಿ ಅವರ ಕೈಯಲ್ಲಿದ್ದದ್ದು ಈ ನಿಯಮ.

ಆ ರಾತ್ರಿ ಮರಿಯಾನ್ನಾ ಅವರ ಅಣ್ಣತಮ್ಮಂದಿರು, ನೆಂಟರು ಫೆಲೆತ್ತಿ ಇದ್ದ ಸಾನ್ ದೊಮೆನಿಕೊ ಮಠಕ್ಕೆ ಓಡಿದರು. ಬಂದವರನ್ನು ಫೆಲೆತ್ತಿ ನಯವಾಗಿಯೇ ಮಾತಾಡಿಸಿದರು. ಯಾರು ದೀಕ್ಷಾಸ್ನಾನ ಮಾಡಿದ್ದು, ಯಾವಾಗ, ಎಲ್ಲಿ? ಹೇಳುವಂತಿಲ್ಲ, ಅದು ಗುಟ್ಟು. ತಪ್ಪಾಗಿರಬಹುದಲ್ಲ? ಇಲ್ಲ, ಎಲ್ಲ ಸರಿಯಾಗಿ ವಿಚಾರಿಸಿದ್ದೇವೆ. ಕೊನೆಗೆ 24 ಗಂಟೆ ಸಮಯ ಕೊಟ್ಟರು. ಪೊಲೀಸರು ಮನೆಯೊಳಗೇ, ಮಗುವಿನ ಪಕ್ಕದಲ್ಲೇ ಕಾವಲು ಕೂತರು. ಮರುದಿನವೆಲ್ಲ ಮೊಮೊಲೊ ಊರಿನ ದೊಡ್ಡವರ ಬಾಗಿಲು ಬಾಗಿಲು ಅಲೆದರು. ಆದೇಶ ತಡೆಯುವ ಅಧಿಕಾರ ಇದ್ದವರು ಯಾರೂ ಸಿಗಲಿಲ್ಲ. ಮರಿಯಾನ್ನಾ ಮಗನನ್ನು ತಬ್ಬಿಕೊಂಡು ಬಿಡಲೇ ಇಲ್ಲ, ಅವರನ್ನು ಹೇಗೋ ಸಮಾಧಾನ ಮಾಡಿ ಸ್ನೇಹಿತರ ಮನೆಗೆ ಕರೆದೊಯ್ದರು. ಜೂನ್ 24ರ ಸಂಜೆ ಎಡ್ಗಾರ್ಡೊನನ್ನು ಗಾಡಿಯಲ್ಲಿ ಕೂರಿಸಿಕೊಂಡು ಪೊಲೀಸರು ಹೊರಟರು. ಎಲ್ಲಿಗೆ ಅಂತಲೂ ಹೇಳಲಿಲ್ಲ.

ದಾರಿಯಲ್ಲಿ ಏನಾಯಿತು ಅನ್ನುವುದಕ್ಕೆ ಎರಡು ಕಥೆ ಇವೆ. ಹುಡುಗ ಅಳುತ್ತಾ ಅಪ್ಪ ಅಮ್ಮನನ್ನು ಕೇಳುತ್ತಿದ್ದ, ಮನೆಯಲ್ಲಿ ಬಾಗಿಲಿಗೆ ಕಟ್ಟುವ ಪವಿತ್ರ ವಾಕ್ಯದ ಮೆಜುಜಾ ಬೇಕು ಅನ್ನುತ್ತಿದ್ದ, ಇದು ಮನೆಯವರ ಕಡೆಯ ಕಥೆ. ದಾರಿಯಲ್ಲಿ ಚರ್ಚು ಕಂಡರೆ ಓಡಿ ಹೋಗುತ್ತಿದ್ದ, ದೇವರ ಕೃಪೆಯಿಂದ ರೋಮ್ ಮುಟ್ಟುವಷ್ಟರಲ್ಲಿ ಬದಲಾಗಿದ್ದ, ಇದು ಚರ್ಚಿನ ಪತ್ರಿಕೆಗಳ ಕಥೆ. ಆರು ವರ್ಷದ ಮಗುವನ್ನು ಅಪರಿಚಿತ ಪೊಲೀಸರ ಜೊತೆ ದಿನಗಟ್ಟಲೆ ಗಾಡಿಯಲ್ಲಿ ಕಳಿಸಿದರೆ ಅದು ಏನು ಮಾಡುತ್ತದೆ ಅಂತ ಮಕ್ಕಳನ್ನು ಸಾಕಿದವರಿಗೆ ಗೊತ್ತು. ನನಗಂತೂ ಮೊದಲನೆಯದೇ ನಿಜ ಅನಿಸುತ್ತದೆ. ಆದರೆ ಮಕ್ಕಳು ಬೇಗ ಹೊಂದಿಕೊಳ್ಳುತ್ತವೆ ಅನ್ನುವುದೂ ನಿಜ. ಸುತ್ತ ಇರುವವರು ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ಮುಖ ಗಂಟಿಕ್ಕುತ್ತಾರೆ ಅಂತ ನೋಡಿ ಕಲಿಯುತ್ತವೆ.

ರೋಮ್‌ನ ದೀಕ್ಷಾರ್ಥಿಗಳ ಮನೆಯಲ್ಲಿ ಮಗನನ್ನು ನೋಡಲು ಮೊಮೊಲೊಗೆ ಆಗಸ್ಟ್‌ನಲ್ಲಿ ಅನುಮತಿ ಸಿಕ್ಕಿತು. ಆದರೆ ಒಂಟಿಯಾಗಿ ಬಿಡಲಿಲ್ಲ, ಪಾದ್ರಿಗಳು ಪಕ್ಕದಲ್ಲೇ ಇರುತ್ತಿದ್ದರು. ರೋಮ್‌ನ ಯಹೂದಿ ಸಮುದಾಯದ ಕಾರ್ಯದರ್ಶಿ ಸ್ಕಾತ್ಸೊಕ್ಕಿಯೊ ಅವರ ಸಹಾಯದಿಂದ ಮೊಮೊಲೊ ಮನವಿ ಬರೆಸಿದರು. ಅಕ್ವಿನಾಸ್ ಮಾತನ್ನೇ ಎತ್ತಿ ತೋರಿಸಿದರು. ಮಗುವಿಗೆ ಆಗ ಜೀವಕ್ಕೆ ಅಪಾಯವೇ ಇರಲಿಲ್ಲ ಅಂತ ಮನೆಯ ಡಾಕ್ಟರ್ ಬರೆದುಕೊಟ್ಟರು. ದಿನಸಿ ಅಂಗಡಿಯ ಲೆಪೋರಿ, ದೀಕ್ಷಾಸ್ನಾನ ಮಾಡುವುದು ಹೇಗೆ ಅಂತ ನನಗೇ ಗೊತ್ತಿಲ್ಲ, ಆ ಹುಡುಗಿಗೆ ನಾನು ಏನೂ ಹೇಳಿಲ್ಲ ಅಂದ.

ಅನ್ನಾಳ ಒಬ್ಬಳ ಮಾತು ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ. ಅದೂ ಆರು ವರ್ಷ ಹಳೆಯ ಘಟನೆ. ಮಾಮೂಲಿ ಕೋರ್ಟಿನಲ್ಲಿ ಇದು ನಿಲ್ಲುತ್ತಿತ್ತಾ? ಆದರೆ ಚರ್ಚಿನ ಲೆಕ್ಕವೇ ಬೇರೆ. ಜೀವಕ್ಕೆ ಅಪಾಯ ಇತ್ತೋ ಇಲ್ಲವೋ ಅನ್ನುವುದು ಅನ್ನಾ ಮಾಡಿದ್ದು ತಪ್ಪೋ ಸರಿಯೋ ಅಂತ ತೀರ್ಮಾನಿಸಲು ಬೇಕು, ದೀಕ್ಷಾಸ್ನಾನ ಆಯಿತೋ ಇಲ್ಲವೋ ಅನ್ನಲು ಬೇಕಾಗಿಲ್ಲ. ಅಕ್ವಿನಾಸ್ ಹೇಳಿದ್ದು ಮಾಡಬಾರದು ಅಂತ, ಮಾಡಿದ ಮೇಲೆ ಮಗುವನ್ನು ವಾಪಸ್ ಕೊಡಿ ಅಂತಲ್ಲ. ಮನವಿಯ ಪ್ರತಿಯೊಂದು ಮಾತಿಗೂ ಉತ್ತರ ಸಿದ್ಧವಾಗಿತ್ತು.

ಸಿಂಹಾಸನದ ಮೇಲೆ ಇದ್ದವರು ಒಂಬತ್ತನೇ ಪಯಸ್. 1846ರಲ್ಲಿ ಪೋಪ್ ಆದಾಗ ಇಡೀ ಇಟಲಿ ಅವರನ್ನು ಉದಾರಿ ಅಂತ ಕೊಂಡಾಡಿತು. ಯಹೂದಿಗಳನ್ನು ಕೂಡಿಹಾಕಿ ಉಪದೇಶ ಕೇಳಿಸುವ ಪದ್ಧತಿ ನಿಲ್ಲಿಸಿದರು. 1848ರ ಏಪ್ರಿಲ್‌ನಲ್ಲಿ, ಯಹೂದಿಗಳ ಪಾಸ್ಕ ಹಬ್ಬದ ರಾತ್ರಿ, ರೋಮ್ ಗೆಟ್ಟೊದ ಬಾಗಿಲು ಒಡೆಸಿದರು. ಅದೇ ವರ್ಷ ಕ್ರಾಂತಿ ಆಗಿ ರೋಮ್ ಬಿಟ್ಟು ಓಡಬೇಕಾಯಿತು. 1850ರಲ್ಲಿ ಫ್ರೆಂಚ್ ಸೈನ್ಯದ ಬಲದಿಂದ, ರಾತ್‌ಶಿಲ್ಡ್ ಅನ್ನುವ ಯಹೂದಿ ಬ್ಯಾಂಕಿನ ಸಾಲದಿಂದ ವಾಪಸ್ ಬಂದರು. ಬಂದವರು ಬೇರೆಯೇ ಮನುಷ್ಯ. ಹೊಸ ಕಾಲ ಕೇಳುವುದೆಲ್ಲ ದೇವರಿಗೆ ವಿರುದ್ಧ ಅನ್ನುವುದು ಅವರ ನಂಬಿಕೆಯಾಯಿತು.

ಆದರೂ ಪಯಸ್ ಅವರನ್ನು ಕಲ್ಲುಹೃದಯದವರು ಅನ್ನಲು ನನ್ನಿಂದ ಆಗುವುದಿಲ್ಲ. ಎಡ್ಗಾರ್ಡೊನನ್ನು ಅವರು ಮಗನ ಹಾಗೆ ನೋಡಿಕೊಂಡರು. ತಮ್ಮ ಕೆಂಪು ನಿಲುವಂಗಿಯ ಕೆಳಗೆ ಬಚ್ಚಿಟ್ಟು, ಹುಡುಗ ಎಲ್ಲಿ ಅಂತ ಆಟ ಆಡಿಸುತ್ತಿದ್ದರು ಅಂತ ಎಡ್ಗಾರ್ಡೊನೇ ದೊಡ್ಡವನಾದ ಮೇಲೆ ನೆನಪಿಸಿಕೊಂಡಿದ್ದಾನೆ. ಒಂದು ಆತ್ಮವನ್ನು ಉಳಿಸಿದೆ ಅಂತ ಅವರು ಮನಸಾರೆ ನಂಬಿದ್ದರು. ವಾಪಸ್ ಕೊಡಿ ಅಂದವರಿಗೆಲ್ಲ ಲ್ಯಾಟಿನ್‌ನಲ್ಲಿ ಒಂದೇ ಉತ್ತರ: ನೋನ್ ಪೊಸ್ಸುಮುಸ್, ನಮ್ಮಿಂದ ಆಗದು. ಮನಸ್ಸಿಲ್ಲ ಅಂತಲ್ಲ, ಅಧಿಕಾರವೇ ಇಲ್ಲ ಅಂತ. ಪ್ರೀತಿ ಇದ್ದೂ ಅವರು ತಾಯಿಯ ಅಳು ಕೇಳಿಸಿಕೊಳ್ಳಲಿಲ್ಲ. ಇದನ್ನು ನಾನು ಕ್ಷಮಿಸಲಾರೆ.

ಕೇಳಿದವರು ಸಾಮಾನ್ಯರಲ್ಲ. ರೋಮ್‌ನಲ್ಲಿ ಪೋಪರನ್ನು ಕಾಯುತ್ತಿದ್ದದ್ದೇ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್‌ನ ಸೈನ್ಯ. ಅವನ ರಾಯಭಾರಿ ಕೇಳಿದ. ಇಂಗ್ಲೆಂಡಿನಿಂದ ಯಹೂದಿ ಮುಖಂಡ ಸರ್ ಮೋಸೆಸ್ ಮಾಂಟೆಫಿಯೋರ್ ತಮ್ಮ ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ, 1859ರಲ್ಲಿ, ರೋಮ್‌ಗೆ ಬಂದರು. ಪೋಪರ ಭೇಟಿ ಸಿಗಲಿಲ್ಲ. ಪೋಪರ ಸರ್ಕಾರ ನಡೆಸುತ್ತಿದ್ದ ಕಾರ್ಡಿನಲ್ ಅಂತೊನೆಲ್ಲಿ ಮಾತಾಡಿಸಿ ಕಳಿಸಿದರು. ಅಮೆರಿಕದಲ್ಲಿ ನ್ಯೂಯಾರ್ಕ್ ಟೈಮ್ಸ್ 1858ರ ಡಿಸೆಂಬರ್ ಒಂದೇ ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಬರಹ ಛಾಪಿಸಿತು. ಅಲ್ಲಿನ ಅಧ್ಯಕ್ಷ ಬ್ಯೂಕನನ್ ಮಾತ್ರ ಬೇರೆ ದೇಶದ ವಿಷಯದಲ್ಲಿ ತಲೆ ಹಾಕುವುದಿಲ್ಲ ಅಂದರು. ಅವರದೇ ದೇಶದಲ್ಲಿ ಆಗ ಗುಲಾಮರ ಮಕ್ಕಳನ್ನು ತಾಯಿಯ ಮಡಿಲಿಂದ ಕಿತ್ತು ಮಾರುತ್ತಿದ್ದರು. ಬೇರೆಯವರಿಗೆ ಬುದ್ಧಿ ಹೇಳುವ ಬಾಯಿ ಅವರಿಗೆ ಇರಲಿಲ್ಲ.

ಇಷ್ಟೆಲ್ಲ ಗದ್ದಲದಿಂದ ಹುಡುಗ ವಾಪಸ್ ಬರಲಿಲ್ಲ. ಬೇರೆ ಕೆಲವು ಬದಲಾವಣೆ ಆಯಿತು. ದೇಶ ದೇಶಗಳ ಯಹೂದಿಗಳ ಪರ ಒಟ್ಟಾಗಿ ದನಿ ಎತ್ತಲು 1860ರಲ್ಲಿ ಪ್ಯಾರಿಸ್‌ನಲ್ಲಿ ಅಲಯನ್ಸ್ ಇಸ್ರಾಯೆಲಿತ್ ಯುನಿವರ್ಸೆಲ್ ಅನ್ನುವ ಸಂಸ್ಥೆ ಹುಟ್ಟಿತು. ಪಾದ್ರಿಗಳು ಆಳುವ ರಾಜ್ಯ ಹೇಗಿರುತ್ತದೆ ನೋಡಿ ಅಂತ ಇಟಲಿಯನ್ನು ಒಂದು ಮಾಡಲು ಹೊರಟವರಿಗೆ ಎತ್ತಿ ತೋರಿಸಲು ಒಂದು ಹೆಸರು ಸಿಕ್ಕಿತು.

1859ರ ಜೂನ್‌ನಲ್ಲಿ ಪೋಪರ ಪರವಾಗಿ ಕಾವಲಿದ್ದ ಆಸ್ಟ್ರಿಯಾದ ಸೈನ್ಯ ಬೊಲೋನ್ಯದಿಂದ ಹೊರಟಿತು, ಪೋಪರ ಆಳ್ವಿಕೆ ಮುಗಿಯಿತು. ಹೊಸ ಸರ್ಕಾರ 1860ರ ಜನವರಿ 2ರ ನಸುಕಿನಲ್ಲಿ ಫೆಲೆತ್ತಿ ಅವರನ್ನು ಬಂಧಿಸಿತು. ಮಗುವನ್ನು ಅಪಹರಿಸಿದ ಆರೋಪ. ರೋಮ್‌ನ ಆದೇಶದ ಬಗ್ಗೆ ಏನು ಕೇಳಿದರೂ ಹೇಳುವಂತಿಲ್ಲ, ಪ್ರಮಾಣ ಮಾಡಿದ್ದೇನೆ ಅಂದರು. ಅನ್ನಾ ಬಂದು ತನ್ನ ಕಥೆ ಹೇಳಿದಳು. ಏಪ್ರಿಲ್‌ನಲ್ಲಿ ತೀರ್ಪು ಬಂತು. ಆಗ ಇದ್ದ ಸರ್ಕಾರದ ಕಾನೂನಿನ ಪ್ರಕಾರ, ಮೇಲಿನವರ ಆದೇಶದಂತೆ ನಡೆದುಕೊಂಡಿದ್ದಾರೆ, ಖುಲಾಸೆ. ಕೋರ್ಟ್ ಬೇರೆ ಏನು ಮಾಡಬಹುದಿತ್ತು ಅಂತ ನಾನು ತುಂಬ ಯೋಚಿಸಿದ್ದೇನೆ. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯೇ. ಮೊಮೊಲೊಗೆ ಸಿಕ್ಕಿದ್ದು ಮಾತ್ರ ಸೊನ್ನೆ.

ಚರ್ಚು ಈ ನಿಯಮವನ್ನು ಬೇಗ ಬಿಡಲಿಲ್ಲ. 1864ರಲ್ಲಿ ಇಷ್ಟೆಲ್ಲ ಗಲಾಟೆ ಆದ ಮೇಲೂ ಜುಸೆಪ್ಪೆ ಕೊಯೆನ್ ಅನ್ನುವ ಗೆಟ್ಟೊದ ಹುಡುಗ ಅದೇ ದೀಕ್ಷಾರ್ಥಿಗಳ ಮನೆ ಸೇರಿದ. ಎರಡನೇ ಮಹಾಯುದ್ಧ ಮುಗಿದ ಮೇಲೂ ಫ್ರಾನ್ಸಿನಲ್ಲಿ ಇದರ ನೆರಳು ಕಾಣಿಸಿತು. ತಂದೆತಾಯಿ ನಾಜಿಗಳ ಕೈಗೆ ಸಿಕ್ಕಿ ಸತ್ತ ಫಿನಾಲಿ ಅನ್ನುವ ಇಬ್ಬರು ಯಹೂದಿ ಅಣ್ಣತಮ್ಮಂದಿರನ್ನು ಕ್ಯಾಥೊಲಿಕ್ ಹೆಂಗಸೊಬ್ಬರು ಬಚ್ಚಿಟ್ಟು ಉಳಿಸಿದ್ದರು. ಜೀವ ಉಳಿಸಿದ್ದು ದೊಡ್ಡ ಉಪಕಾರ. ಆದರೆ 1948ರಲ್ಲಿ ಅವರಿಗೆ ದೀಕ್ಷಾಸ್ನಾನ ಮಾಡಿಸಿದರು, ಅತ್ತೆ ಬಂದು ಕೇಳಿದರೆ ಕೊಡಲಿಲ್ಲ, ಕೋರ್ಟ್ ಹೇಳಿದರೂ ಕೊಡದೆ ಗುಟ್ಟಾಗಿ ಸ್ಪೇನ್‌ಗೆ ಸಾಗಿಸಿದರು. ದೊಡ್ಡ ಹೋರಾಟ ಆಗಿ 1953ರಲ್ಲಿ ಮಕ್ಕಳು ವಾಪಸ್ ಬಂದರು. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಯಹೂದಿಗಳ ಬಗ್ಗೆ ಚರ್ಚಿನ ಮಾತನ್ನೇ ಬದಲಿಸಿತು, ಅದು ನಿಜವಾದ ದೊಡ್ಡ ತಿರುವು. ಆದರೆ 1983ರ ಚರ್ಚ್ ಕಾನೂನಿನ 868ನೇ ನಿಯಮ ತೆಗೆದು ನೋಡಿ. ಸಾಯುವ ಸ್ಥಿತಿಯಲ್ಲಿರುವ ಕೂಸಿಗೆ, ಕ್ಯಾಥೊಲಿಕ್ ಅಲ್ಲದವರ ಕೂಸಾದರೂ, ತಂದೆತಾಯಿ ಬೇಡ ಅಂದರೂ ದೀಕ್ಷಾಸ್ನಾನ ಕೊಡಬಹುದು ಅಂತ ಅಲ್ಲಿ ಇದೆ. 2000ದಲ್ಲಿ ಒಂಬತ್ತನೇ ಪಯಸ್‌ಗೆ ಧನ್ಯರು ಅನ್ನುವ ಪದವಿ ಕೊಟ್ಟಾಗ ಮೊರ್ತಾರಾ ವಂಶದವರೂ ಯಹೂದಿ ಸಂಘಟನೆಗಳೂ ಪ್ರತಿಭಟಿಸಿದರು. ಪದವಿ ಕೊಟ್ಟರು. ಕೊಟ್ಟವರು ಎರಡನೇ ಜಾನ್ ಪೌಲ್, ರೋಮ್‌ನ ಸಿನಗಾಗ್‌ಗೆ ಹೋಗಿ ಪ್ರಾರ್ಥನೆಯಲ್ಲಿ ಪಾಲ್ಗೊಂಡ ಮೊದಲ ಪೋಪ್.

ಇನ್ನು ಎಡ್ಗಾರ್ಡೊ. 1870ರ ಸೆಪ್ಟೆಂಬರ್ 20ರಂದು ಇಟಲಿಯ ಸೈನ್ಯ ರೋಮ್‌ಗೆ ನುಗ್ಗಿತು. ಪೋಪರ ರಾಜ್ಯ ಮುಗಿಯಿತು. ಹನ್ನೆರಡು ವರ್ಷ ಕಾದ ಮೊಮೊಲೊ ಮಗನಿಗಾಗಿ ರೋಮ್‌ಗೆ ಬಂದರು. ಈಗ ಅಡ್ಡ ನಿಲ್ಲಲು ಪೊಲೀಸರಿಲ್ಲ, ಕಾನೂನಿಲ್ಲ. ಮಗನಿಗೆ ಹತ್ತೊಂಬತ್ತು ವರ್ಷ. ಅವನು ಅಪ್ಪನ ಜೊತೆ ಹೋಗಲಿಲ್ಲ. ವೇಷ ಮರೆಸಿಕೊಂಡು ಆಸ್ಟ್ರಿಯಾಕ್ಕೆ ಹೊರಟುಹೋದ. ಮೊಮೊಲೊ 1871ರಲ್ಲಿ ತೀರಿಕೊಂಡರು, ಅದಕ್ಕೆ ಸ್ವಲ್ಪ ಮುಂಚೆ ಬೇರೊಬ್ಬ ಮನೆಗೆಲಸದವಳ ಸಾವಿನ ಸುಳ್ಳು ಆರೋಪದಲ್ಲಿ ತಿಂಗಳುಗಟ್ಟಲೆ ಜೈಲಿನಲ್ಲಿ ಕೊಳೆತು ಖುಲಾಸೆಯಾಗಿ ಹೊರಗೆ ಬಂದಿದ್ದರು. ಕೆಲವರ ಹಣೆಬರಹ ಇಷ್ಟು ಕೆಟ್ಟದಾಗಿರುತ್ತದೆ ಅಂತ ನಂಬಲಿಕ್ಕೇ ಆಗುವುದಿಲ್ಲ.

ಎಡ್ಗಾರ್ಡೊ 1873ರಲ್ಲಿ ಪಾದ್ರಿಯಾದರು. ತಮ್ಮನ್ನು ಸಾಕಿದ ಪೋಪರ ಹೆಸರನ್ನೇ ಇಟ್ಟುಕೊಂಡು ಪಿಯೊ ಆದರು. ಎಷ್ಟೋ ಭಾಷೆ ಕಲಿತರು, ಯುರೋಪಿನ ಉದ್ದಗಲಕ್ಕೂ ಉಪದೇಶ ಮಾಡುತ್ತಾ ತಿರುಗಿದರು. ಇದನ್ನು ಹಿಡಿದುಕೊಂಡು ನೋಡಿ, ಅವರು ಸಂತೋಷವಾಗಿಯೇ ಇದ್ದರಲ್ಲ ಅನ್ನುವವರು ಇವತ್ತೂ ಇದ್ದಾರೆ. ಆ ವಾದ ನನಗೆ ಒಪ್ಪಿಗೆ ಇಲ್ಲ. ಆರನೇ ವಯಸ್ಸಿಗೆ ಕಿತ್ತು ಬೇರೆ ಕಡೆ ನೆಟ್ಟ ಗಿಡ ಅಲ್ಲೇ ಬೇರು ಬಿಟ್ಟಿತು ಅಂದರೆ, ಕಿತ್ತದ್ದು ಸರಿ ಅಂತ ಆಗುವುದಿಲ್ಲ. ಹಾಗಂತ ಅವರ ನಂಬಿಕೆ ಸುಳ್ಳು ಅಂತಲೂ ನಾನು ಹೇಳಲಾರೆ. ಅವರು ಅದನ್ನು ಕೊನೆಯವರೆಗೂ ಬದುಕಿದರು.

1878ರಲ್ಲಿ ಫ್ರಾನ್ಸಿನ ಪೆರ್ಪಿನ್ಯಾನ್ ಊರಿನಲ್ಲಿ ಅವರು ಉಪದೇಶ ಮಾಡುತ್ತಿದ್ದಾರೆ ಅಂತ ತಿಳಿದು ಮರಿಯಾನ್ನಾ ನೋಡಲು ಹೋದರು. ಇಪ್ಪತ್ತು ವರ್ಷದ ಮೇಲೆ ತಾಯಿ ಮಗ ಎದುರುಬದುರಾದರು. ಆಮೇಲೆ ಮನೆಯವರ ಜೊತೆ ಹೋಗಿಬರುವುದು, ಪತ್ರ ಬರೆಯುವುದು ಶುರುವಾಯಿತು. ಅಮ್ಮನನ್ನು ಕ್ರೈಸ್ತಳನ್ನಾಗಿ ಮಾಡಬೇಕು ಅನ್ನುವುದು ಮಗನ ದೊಡ್ಡ ಆಸೆ. ಅಮ್ಮ ಒಪ್ಪಲಿಲ್ಲ. 1890ರಲ್ಲಿ ಮರಿಯಾನ್ನಾ ತೀರಿಕೊಂಡಾಗ, ಮಗ ಸಾವಿನ ಹಾಸಿಗೆಯಲ್ಲಿ ತಾಯಿಯ ಮತಾಂತರ ಮಾಡಿದ ಅಂತ ಪತ್ರಿಕೆಗಳಲ್ಲಿ ಸುದ್ದಿ ಬಂತು. ಎಡ್ಗಾರ್ಡೊ ತಾವೇ ಪತ್ರಿಕೆಗೆ ಕಾಗದ ಬರೆದರು. ಹಾಗೆ ಆಗಲಿ ಅಂತ ತುಂಬ ಆಸೆಪಟ್ಟಿದ್ದೆ, ಆದರೆ ಹಾಗೆ ಆಗಲಿಲ್ಲ, ಸುದ್ದಿ ಸುಳ್ಳು ಅಂತ ಆ ಕಾಗದದಲ್ಲಿ ಇತ್ತು.

ಅವರು ತೀರಿಕೊಂಡದ್ದು 1940ರ ಮಾರ್ಚ್ 11ರಂದು, ಬೆಲ್ಜಿಯಂನ ಲಿಯೇಜ್ ಹತ್ತಿರದ ಮಠದಲ್ಲಿ, 88ನೇ ವಯಸ್ಸಿನಲ್ಲಿ. ಎರಡು ತಿಂಗಳಿಗೆ, ಮೇ 10ರಂದು, ಹಿಟ್ಲರನ ಸೈನ್ಯ ಬೆಲ್ಜಿಯಂ ಒಳಗೆ ಬಂತು. ಆ ಸೈನ್ಯದ ಕಾನೂನಿನಲ್ಲಿ ದೀಕ್ಷಾಸ್ನಾನಕ್ಕೆ ಲೆಕ್ಕ ಇರಲಿಲ್ಲ. ಅಪ್ಪ ಅಮ್ಮ, ಅಜ್ಜ ಅಜ್ಜಿ ಯಾರು ಅಂತ ಮಾತ್ರ ಕೇಳುತ್ತಿದ್ದರು.